ಗ್ರಾಂ ಕ್ರು ಇಲ್ಲದ ದೊಡ್ಡ ಹೆಸರು: ಮೆರ್ಸೋ ಊರಿನ ನೆಲ, ನೆಲಮಾಳಿಗೆ ಮತ್ತು ಬಿಳಿ ವೈನ್

1787ರ ಮಾರ್ಚ್ ತಿಂಗಳು. ಥಾಮಸ್ ಜೆಫರ್ಸನ್ ಆಗ ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿ. ಬರ್ಗಂಡಿಯ ದ್ರಾಕ್ಷಿ ಸೀಮೆಯಲ್ಲಿ ಓಡಾಡುತ್ತಾ ಕಂಡದ್ದನ್ನೆಲ್ಲ ಬರೆದಿಟ್ಟುಕೊಳ್ಳುತ್ತಿದ್ದರು. ಪೊಮಾರ್ ಮತ್ತು ವೊಲ್ನೆ ಊರುಗಳಲ್ಲಿ ಜನ ಒಳ್ಳೆಯ ಗೋಧಿ ಬ್ರೆಡ್ ತಿನ್ನುತ್ತಿದ್ದರು. ಪಕ್ಕದ ಮೆರ್ಸೋಗೆ ಬಂದರೆ ಎಲ್ಲರ ಕೈಯಲ್ಲೂ ರೈ ಬ್ರೆಡ್. ಯಾಕೆ ಹೀಗೆ ಅಂತ ಕೇಳಿದರು. ಬಿಳಿ ವೈನ್ ಕೆಂಪಿಗಿಂತ ಹೆಚ್ಚು ಸಲ ಕೆಡುತ್ತದೆ, ಮಾರಾಟವಾಗದೆ ಉಳಿಯುತ್ತದೆ, ಹಾಗಾಗಿ ತೋಟದವರಿಗೆ ಆಳುಗಳನ್ನು ಚೆನ್ನಾಗಿ ಸಾಕಲು ಆಗುವುದಿಲ್ಲ ಎಂಬ ಉತ್ತರ ಬಂತು. ಮೆರ್ಸೋನಲ್ಲಿ ಬಿಳಿಯೇ ಯಾಕೆ? ನೆಲದಲ್ಲಿ ಕಲ್ಲು ಜಾಸ್ತಿ, ಕೆಂಪಿಗೆ ಒಗ್ಗುವುದಿಲ್ಲ. ಇಷ್ಟು ಸಣ್ಣ ಸಂಗತಿಗಳ ಮೇಲೆ ಮನುಷ್ಯರ ಬದುಕು ನಿಂತಿದೆ ಎಂದು ಜೆಫರ್ಸನ್ ಬರೆದುಕೊಂಡರು.

ಅದೇ ಕಲ್ಲು ನೆಲ ಇವತ್ತು ಜಗತ್ತಿನ ಅತಿ ದುಬಾರಿ ಬಿಳಿ ವೈನ್‌ಗಳಲ್ಲಿ ಕೆಲವನ್ನು ಕೊಡುತ್ತಿದೆ. ಈ ಪ್ರಕರಣ ಅಧ್ಯಯನ ಆ ಒಂದು ಊರಿನ ಬಗ್ಗೆ. ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಮೆರ್ಸೋ ಅಂದ ಕೂಡಲೇ ವೈನ್ ಪ್ರಿಯರು ಬೆಣ್ಣೆ, ಹೇಝಲ್‌ನಟ್, ತುಂಬು ಮೈ ಅನ್ನುತ್ತಾರಲ್ಲ, ಆ ಗುಣ ಬಂದದ್ದು ಎಲ್ಲಿಂದ? ತೋಟದಿಂದಲೋ, ಕೈಕೆಲಸದಿಂದಲೋ? ನನ್ನ ಮಟ್ಟಿಗೆ ಉತ್ತರ ಇವೆರಡರ ನಡುವೆ, ಬೇರಿಗಿಂತ ಕೆಳಗೆ, ಊರಿನ ನೆಲಮಾಳಿಗೆಗಳಲ್ಲಿದೆ. ಆ ಮಾಳಿಗೆಗಳೂ ಅದೇ ನೆಲದ ಕೊಡುಗೆ.

ಊರು

ಬೋನ್ ಪಟ್ಟಣದಿಂದ ದಕ್ಷಿಣಕ್ಕೆ ಏಳೆಂಟು ಕಿಲೋಮೀಟರ್ ಹೋದರೆ ಮೆರ್ಸೋ. ಇರುವವರು ಒಂದೂವರೆ ಸಾವಿರಕ್ಕೂ ಕಡಿಮೆ ಜನ. ಉತ್ತರಕ್ಕೆ ವೊಲ್ನೆ, ಅದು ಕೆಂಪಿನ ಊರು. ದಕ್ಷಿಣಕ್ಕೆ ಪುಲಿನ್ಯಿ-ಮೋಂರಾಶೆ, ಅದು ಬಿಳಿಯ ಊರು. ಕೋತ್ ದೋರ್ ಎಂಬ ಉದ್ದನೆಯ ದಿಣ್ಣೆಯ ಇಳಿಜಾರು ಇಲ್ಲಿ ಪೂರ್ವಕ್ಕೆ ಮುಖ ಮಾಡಿದೆ. ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ. ದ್ರಾಕ್ಷಿ ಸುಮಾರು 400 ಹೆಕ್ಟೇರ್. ಅದರಲ್ಲಿ ಸುಮಾರು 130 ಹೆಕ್ಟೇರ್‌ಗೆ ಪ್ರೀಮಿಯೆ ಕ್ರು, ಅಂದರೆ ಬರೀ ಊರಿನ ಮಟ್ಟಕ್ಕಿಂತ ಒಂದು ಮೆಟ್ಟಿಲು ಮೇಲಿನ ದರ್ಜೆ ಇದೆ. ಅದಕ್ಕೂ ಮೇಲಿನ ಗ್ರಾಂ ಕ್ರು ದರ್ಜೆ ಈ ಊರಿನ ಒಂದು ಗೇಣು ಜಾಗಕ್ಕೂ ಇಲ್ಲ. ಪಕ್ಕದ ಪುಲಿನ್ಯಿಗೆ ನಾಲ್ಕು ಗ್ರಾಂ ಕ್ರು ಹೆಸರುಗಳಿವೆ. ಎರಡು ಪೂರ್ತಿ ಅದರವೇ, ಎರಡನ್ನು ಆಚೆಯ ಶಾಸಾಞ್ ಊರಿನ ಜೊತೆ ಹಂಚಿಕೊಂಡಿದೆ.

ಬೆಳೆಯುವುದು ಬಹುಪಾಲು ಶಾರ್ಡನೆ ಎಂಬ ಬಿಳಿ ದ್ರಾಕ್ಷಿ ತಳಿ. ಪಿನೋ ಮತ್ತು ಗುವೇ ಬ್ಲಾಂ ಎಂಬ ಹಳೆಯ ಸಾಮಾನ್ಯ ತಳಿ ಕೂಡಿ ಹುಟ್ಟಿದ್ದು ಶಾರ್ಡನೆ ಎಂಬುದು 1999ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಗೊತ್ತಾಯಿತು. ಶಾರ್ಡನೆಗೆ ಅಂಥ ಗಟ್ಟಿ ಸ್ವಂತ ವಾಸನೆ ಇಲ್ಲ. ಬೆಳೆದ ಜಾಗ, ಮಾಡಿದ ಕೈ ಎರಡನ್ನೂ ಅದು ಹಾಗೇ ತೋರಿಸಿಬಿಡುತ್ತದೆ. ನಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಬರ್ಗಂಡಿಯವರು ಬಾಯಿ ತೆಗೆದರೆ ಟೆರ್ವಾರ್ ಅನ್ನುತ್ತಾರೆ. ನಂಜನಗೂಡಿನ ರಸಬಾಳೆಯನ್ನು ಬೇರೆ ಕಡೆ ನೆಟ್ಟರೆ ಆ ರುಚಿ ಬರಲ್ಲ ಅಂತೀವಲ್ಲ, ಹೆಚ್ಚುಕಡಿಮೆ ಅದೇ ಮಾತು. ಅವರು ಅದನ್ನು ಒಂದೊಂದು ಹೊಲದ ಮಟ್ಟಕ್ಕೆ ಇಳಿಸಿದ್ದಾರೆ. ಹೆಸರು ಮತ್ತು ಗಡಿ ಇರುವ ಇಂಥ ಪ್ರತಿ ತುಂಡಿಗೂ ಕ್ಲಿಮಾ ಅನ್ನುತ್ತಾರೆ. 2015ರಲ್ಲಿ ಯುನೆಸ್ಕೋ ಈ ಕ್ಲಿಮಾಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಉತ್ತರದಿಂದ ದಕ್ಷಿಣಕ್ಕೆ

ಮೆರ್ಸೋ ಒಂದೇ ತರಹದ ನೆಲ ಅಲ್ಲ. ವೊಲ್ನೆ ಕಡೆಯ ಗಡಿಯಿಂದ ಶುರು ಮಾಡೋಣ. ಅಲ್ಲಿ ಸಾಂತೆನೋ ಎಂಬ ಕ್ಲಿಮಾ ಇದೆ. ಮಣ್ಣು ಕೆಂಪು, ಜೇಡಿ ಜಾಸ್ತಿ. ಕೆಂಪು ವೈನ್ ಕೊಡುವ ಪಿನೋ ನ್ವಾರ್ ತಳಿ ಚೆನ್ನಾಗಿ ಬರುತ್ತದೆ. ಜಾಗ ಇರುವುದು ಮೆರ್ಸೋ ಊರಿನಲ್ಲೇ. ಆದರೂ ಇಲ್ಲಿ ಕೆಂಪು ಬೆಳೆದರೆ ಸೀಸೆಯ ಮೇಲೆ ವೊಲ್ನೆ-ಸಾಂತೆನೋ ಅಂತ ಬರೆಯುತ್ತಾರೆ. ಅದೇ ತುಂಡಿನಲ್ಲಿ ಶಾರ್ಡನೆ ಬೆಳೆದರೆ ಮೆರ್ಸೋ. ನೆಲ ಒಂದೇ, ಬಳ್ಳಿ ಬದಲಾದರೆ ಊರಿನ ಹೆಸರೇ ಬದಲು. ದಕ್ಷಿಣದ ತುದಿಯಲ್ಲಿ, ಗುಡ್ಡದ ಮೇಲಿನ ಬ್ಲಾನ್ಯಿಯಲ್ಲೂ ಹೀಗೇ. ಬಿಳಿಯಾದರೆ ಮೆರ್ಸೋ-ಬ್ಲಾನ್ಯಿ, ಕೆಂಪಾದರೆ ಬರೀ ಬ್ಲಾನ್ಯಿ. ನೆಲದ ಹೆಸರು ಅನ್ನುವುದು ಜನ ಕೂತು ಒಪ್ಪಿಕೊಂಡ ವಿಷಯ ಎಂಬುದು ಈ ಎರಡು ತುದಿಗಳಲ್ಲೇ ಕಾಣುತ್ತದೆ.

ನಡುವೆ ಊರು. ಊರಿನ ಹಿಂದೆ ದಿಣ್ಣೆಯನ್ನು ಸೀಳಿಕೊಂಡು ಓಸೆ ಎಂಬ ಊರಿನ ಕಡೆಗೆ ಒಂದು ಕಣಿವೆ ಹೋಗುತ್ತದೆ. ಅಲ್ಲಿಂದ ತಂಪು ಗಾಳಿ ಇಳಿದು ಬರುತ್ತದೆ. ಈ ಭಾಗದ ತೋಟಗಳಿಗೆ ಪ್ರೀಮಿಯೆ ಕ್ರು ದರ್ಜೆ ಇಲ್ಲ.

ಊರು ದಾಟಿ ಪುಲಿನ್ಯಿ ಕಡೆ ಹೊರಟರೆ ಅಸಲು ಕಥೆ ಶುರು. ಇಲ್ಲಿ ಕಲ್ಲಿನ ಪದರಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಕೊಂಬ್ಲಾಂಶಿಯಾಂ ಎಂಬ ಗಟ್ಟಿ ಸುಣ್ಣಕಲ್ಲಿನ ಪದರವೊಂದಿದೆ. ಡೈನೋಸಾರ್‌ಗಳ ಕಾಲದಲ್ಲಿ ಸಮುದ್ರದ ತಳದಲ್ಲಿ ಕೂಡಿಬಿದ್ದದ್ದು, ಸುಮಾರು 16 ಕೋಟಿ ವರ್ಷ ಹಳೆಯದು. ಉತ್ತರದ ನ್ವಿ-ಸಾಂ-ಜೋರ್ಜ್ ಊರಿನ ಹತ್ತಿರ ಈ ಪದರ ನೆಲದೊಳಗೆ ಮುಳುಗಿಬಿಡುತ್ತದೆ. ಮತ್ತೆ ಮೇಲೆ ಏಳುವುದು ಮೆರ್ಸೋ ಹತ್ತಿರ. ಬೋನ್ ಸುತ್ತಮುತ್ತ ಕೆಂಪು ವೈನ್ ಊರುಗಳು ಸಾಲಾಗಿ ಬಂದು, ಮೆರ್ಸೋನಿಂದ ಬಿಳಿ ಊರುಗಳು ಶುರುವಾಗುವುದಕ್ಕೆ ಇದೂ ಒಂದು ಕಾರಣ ಅನ್ನುತ್ತಾರೆ. ಗಟ್ಟಿ ಕಲ್ಲು, ಅದರ ಮೇಲೆ ತೆಳು ಮಣ್ಣು, ನಡುನಡುವೆ ಸುಣ್ಣ ಬೆರೆತ ಜೇಡಿ.

ಈ ಕಡೆಯ ಮೂರು ಹೆಸರು ನೆನಪಿಟ್ಟುಕೊಂಡರೆ ಸಾಕು. ಪೆರಿಯೇರ್, ಜೆನೆವ್ರಿಯೇರ್, ಶಾರ್ಮ್.

ಪೆರಿಯೇರ್ ಸುಮಾರು 14 ಹೆಕ್ಟೇರ್. ಹಿಂದೆ ಕಲ್ಲುಕ್ವಾರಿ ಇದ್ದ ಜಾಗ. ಮಣ್ಣು ತೀರಾ ತೆಳು. ಮೇಲೆಲ್ಲ ಬಿಳಿಚಿದ ಕಲ್ಲುಚೂರು. ಬಿಸಿಲು ಬಿದ್ದರೆ ಬೇಗ ಕಾಯುತ್ತದೆ, ಮಳೆ ಬಂದರೆ ನೀರು ನಿಲ್ಲುವುದಿಲ್ಲ. ಬಳ್ಳಿಗೆ ಇಲ್ಲಿ ಸುಖವಿಲ್ಲ. ಇದರ ವೈನ್ ಬಿಗಿ, ನೆಟ್ಟಗೆ, ಉಪ್ಪಿನ ಕಡೆ ವಾಲಿದ ರುಚಿ. ಮೆರ್ಸೋ ಅಂದರೆ ಬೆಣ್ಣೆ ಅಂದುಕೊಂಡವರಿಗೆ ಎಳೆಯ ಪೆರಿಯೇರ್ ಕುಡಿಸಿದರೆ ನಂಬುವುದಿಲ್ಲ. ಇದರೊಳಗೇ ಕ್ಲೋ ದೆ ಪೆರಿಯೇರ್ ಎಂಬ ಗೋಡೆ ಕಟ್ಟಿದ ತುಂಡಿದೆ. ಒಂದು ಹೆಕ್ಟೇರ್‌ಗೂ ಚೂರು ಕಡಿಮೆ. ಪೂರ್ತಿ ಆಲ್ಬೇರ್ ಗ್ರಿವೋ ಎಂಬ ಒಂದೇ ಮನೆತನದ ಕೈಯಲ್ಲಿದೆ. ಒಂದೇ ತೋಟದ ಸಾಲುಗಳನ್ನು ಹತ್ತಾರು ಜನ ಹಂಚಿಕೊಂಡಿರುವ ಬರ್ಗಂಡಿಯಲ್ಲಿ ಇದು ಅಪರೂಪ.

ಶಾರ್ಮ್ ದೊಡ್ಡದು, ಸುಮಾರು 31 ಹೆಕ್ಟೇರ್. ಇಳಿಜಾರಿನ ಕೆಳಗಿದೆ, ಪುಲಿನ್ಯಿ ಗಡಿಯವರೆಗೂ ಚಾಚಿದೆ. ಮಣ್ಣು ಆಳ. ವೈನ್ ದುಂಡಗೆ, ಮೆತ್ತಗೆ, ಬೇಗ ಒಲಿಯುತ್ತದೆ. ಆದರೆ ಶಾರ್ಮ್‌ನ ಮೇಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ ದೊಡ್ಡ ವ್ಯತ್ಯಾಸವಿದೆ. ಕೆಳಗಿನದು ರಸ್ತೆ ಕಡೆ ಇಳಿದಂತೆ ಭಾರವಾಗುತ್ತದೆ. ಒಂದೇ ಹೆಸರಿನಲ್ಲಿ ಎರಡೂ ಮಾರಾಟವಾಗುತ್ತವೆ. ಹಾಗಾಗಿ ಶಾರ್ಮ್ ಕೊಳ್ಳುವಾಗ ಬೆಳೆಗಾರರ ಸಾಲು ಎಲ್ಲಿದೆ ಅಂತ ಕೇಳುವುದು ಒಳ್ಳೆಯದು. ಜೆನೆವ್ರಿಯೇರ್ ಗುಣದಲ್ಲಿ ಇವೆರಡರ ನಡುವೆ ನಿಲ್ಲುತ್ತದೆ. ಪೆರಿಯೇರ್‌ನ ಬಿಗಿ ಸ್ವಲ್ಪ, ಶಾರ್ಮ್‌ನ ದುಂಡುತನ ಸ್ವಲ್ಪ, ಜೊತೆಗೆ ಇದರದ್ದೇ ಒಂದು ಪರಿಮಳ. ಮೂರರಲ್ಲಿ ನನಗೆ ಇಷ್ಟವಾದದ್ದು ಇದೇ.

ಊರಿನ ಹತ್ತಿರ ಗುತ್ ದೋರ್ ಇದೆ. ಜೇಡಿ ಜಾಸ್ತಿ, ವೈನ್ ಭಾರಿ. ಜೆಫರ್ಸನ್ ತಮಗೆಂದು ತರಿಸಿಕೊಳ್ಳುತ್ತಿದ್ದ ಮೆರ್ಸೋ ಇದೇ.

ಇನ್ನು ಮೇಲಕ್ಕೆ ಹತ್ತಿದರೆ ನಾರ್ವೋ, ತಿಲೆ ಮುಂತಾದ ತೋಟಗಳು. ಎತ್ತರ ಹೆಚ್ಚು, ತಂಪು ಹೆಚ್ಚು, ಮಣ್ಣು ಕಡಿಮೆ. ದರ್ಜೆಯಲ್ಲಿ ಬರೀ ಊರಿನ ಮಟ್ಟ. ದರ್ಜೆ ನಿಗದಿಯಾದ ಕಾಲದಲ್ಲಿ ಇಲ್ಲಿ ಕಾಯಿ ಚೆನ್ನಾಗಿ ಹಣ್ಣಾಗುವುದೇ ಕಷ್ಟವಿತ್ತು. ಈಗಿನ ಬಿಸಿ ವರ್ಷಗಳಲ್ಲಿ ಲೆಕ್ಕ ತಿರುಗಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಲ್ಲಿನ ರುಚಿ ನಾಲಿಗೆಗೆ ಬರುತ್ತದಾ?

ನೇರವಾಗಿ ಬರುವುದಿಲ್ಲ. ಬೇರು ಕಲ್ಲನ್ನು ಹೀರಿ ಹಣ್ಣಿಗೆ ತಲುಪಿಸುವುದಿಲ್ಲ. ಅಲೆಕ್ಸ್ ಮಾಲ್ಟ್‌ಮನ್‌ರಂಥ ಭೂವಿಜ್ಞಾನಿಗಳು ಇದನ್ನು ಮತ್ತೆ ಮತ್ತೆ ಹೇಳಿದ್ದಾರೆ. ಬಂಡೆಗೆ ಅಂಥ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ವೈನ್‌ನಲ್ಲಿ ಕಲ್ಲು, ಬೆಂಕಿಕಡ್ಡಿ ಗೀರಿದ ವಾಸನೆ ಅಂತ ಹೇಳುವುದರ ಹಿಂದೆ ಹೆಚ್ಚಾಗಿ ಇರುವುದು ಹುದುಗುವಾಗ ಹುಟ್ಟುವ ಗಂಧಕದ ಸಂಯುಕ್ತಗಳು.

ಹಾಗಂತ ನೆಲ ಸುಳ್ಳಲ್ಲ. ಅದು ನೀರು ಎಷ್ಟು ಕೊಡುತ್ತದೆ, ಎಷ್ಟು ಬೇಗ ಬಸಿದುಬಿಡುತ್ತದೆ, ರಾತ್ರಿ ಎಷ್ಟು ಬಿಸಿ ಉಳಿಸಿಕೊಳ್ಳುತ್ತದೆ, ಬಳ್ಳಿಗೆ ಸಾರಜನಕ ಎಷ್ಟು ಸಿಗುತ್ತದೆ ಎಂಬುದೆಲ್ಲ ಹಣ್ಣಿನ ಗಾತ್ರ, ಸಿಪ್ಪೆಯ ದಪ್ಪ, ಹುಳಿ, ಸಕ್ಕರೆಯನ್ನು ತೀರ್ಮಾನಿಸುತ್ತದೆ. ಪೆರಿಯೇರ್ ಮತ್ತು ಶಾರ್ಮ್ ನಡುವಿನ ವ್ಯತ್ಯಾಸ ಇಷ್ಟರಿಂದಲೇ ಬರುತ್ತದೆ. ಒಂದೇ ಮನೆಯವರು ಒಂದೇ ರೀತಿ ಮಾಡಿದರೂ ಎರಡು ವೈನ್ ಬೇರೆಬೇರೆ ಆಗುವುದು ಇದಕ್ಕೇ.

ಆದರೆ ಈ ವಿವರಣೆಯಲ್ಲಿ ಬೆಣ್ಣೆ ಎಲ್ಲಿ ಬಂತು? ಪುಲಿನ್ಯಿಯ ತೋಟಗಳೂ ಇದೇ ಇಳಿಜಾರಿನ ಮುಂದುವರಿಕೆ. ಗಡಿಯಲ್ಲಿ ಕಲ್ಲೇನೂ ದಿಢೀರಂತ ಬದಲಾಗುವುದಿಲ್ಲ. ಆದರೂ ಪುಲಿನ್ಯಿ ಅಂದರೆ ತೆಳ್ಳಗೆ, ನಾಜೂಕು, ಹೂವಿನ ಪರಿಮಳ. ಮೆರ್ಸೋ ಅಂದರೆ ತುಂಬಿದ್ದು, ಅಗಲವಾದದ್ದು ಎಂದು ತಲೆಮಾರುಗಳಿಂದ ಹೇಳುತ್ತಾ ಬಂದಿದ್ದಾರೆ. ತೋಟ ಒಂದರಿಂದಲೇ ಇದನ್ನು ವಿವರಿಸಲು ಆಗುವುದಿಲ್ಲ.

ಬೇರಿನ ಕೆಳಗೆ

ಪುಲಿನ್ಯಿ ಊರಿನ ಕೆಳಗೆ ಅಂತರ್ಜಲ ಮೇಲೇ ಇದೆ. ಅಗೆದರೆ ನೀರು. ಹಾಗಾಗಿ ಅಲ್ಲಿ ಆಳದ ನೆಲಮಾಳಿಗೆಗಳು ಬಹಳ ಕಡಿಮೆ. ವೈನ್ ಇಡುವುದು ಹೆಚ್ಚಾಗಿ ನೆಲದ ಮೇಲಿನ ಕೋಣೆಗಳಲ್ಲಿ, ಇಲ್ಲವೇ ಅರ್ಧ ಹೂತ ಕೋಣೆಗಳಲ್ಲಿ. ಮೆರ್ಸೋನಲ್ಲಿ ನೀರು ಆಳದಲ್ಲಿದೆ. ಅಗೆಯಬಹುದು. ಅಗೆದಿದ್ದಾರೆ ಕೂಡ, ಶತಮಾನಗಳಿಂದ. ಬರ್ಗಂಡಿಯ ಅತಿ ಆಳದ, ಅತಿ ತಣ್ಣನೆಯ ಮಾಳಿಗೆಗಳಲ್ಲಿ ಕೆಲವು ಇಲ್ಲಿವೆ. ಕೋಂತ್ ಲಫೋನ್ ಮನೆತನದ ಮಾಳಿಗೆ ಅಂಥದ್ದು ಎಂದೇ ಹೆಸರಾಗಿದೆ.

ಇದರಿಂದ ಏನಾಯಿತು ಅಂತ ನಿಧಾನವಾಗಿ ನೋಡಬೇಕು. ಈ ಪ್ರಕರಣದ ತಿರುಳು ಇಲ್ಲಿದೆ.

ದ್ರಾಕ್ಷಿ ಹಿಂಡಿದ ರಸವನ್ನು 228 ಲೀಟರ್ ಹಿಡಿಯುವ ಓಕ್ ಪೀಪಾಯಿಗೆ ಹಾಕುತ್ತಾರೆ. ಅಲ್ಲೇ ಹುದುಗುತ್ತದೆ. ಯೀಸ್ಟ್ ಸಕ್ಕರೆ ತಿಂದು ಮುಗಿಸಿ ಸಾಯುತ್ತದೆ, ಗಸಿಯಾಗಿ ತಳಕ್ಕೆ ಕೂರುತ್ತದೆ. ಆಮೇಲೆ ಬ್ಯಾಕ್ಟೀರಿಯಾಗಳ ಸರದಿ. ಹಸಿರು ಸೇಬಿನಲ್ಲಿರುವಂಥ ಚುರುಕು ಮ್ಯಾಲಿಕ್ ಹುಳಿಯನ್ನು ಅವು ಮೊಸರಿನಲ್ಲಿರುವಂಥ ಮೆದು ಲ್ಯಾಕ್ಟಿಕ್ ಹುಳಿಯಾಗಿ ಮಾಡುತ್ತವೆ. ಈ ಕೆಲಸದಲ್ಲಿ ಡೈಅಸಿಟೈಲ್ ಎಂಬ ವಸ್ತು ಹುಟ್ಟುತ್ತದೆ. ಬೆಣ್ಣೆಯ ವಾಸನೆ ಕೊಡುವುದು ಅದೇ.

ತಣ್ಣನೆಯ ಮಾಳಿಗೆಯಲ್ಲಿ ಬ್ಯಾಕ್ಟೀರಿಯಾ ನಿಧಾನ. ಚಳಿಗಾಲದಲ್ಲಿ ನಿಂತೇಬಿಡುತ್ತದೆ. ವಸಂತದಲ್ಲಿ ಮತ್ತೆ ಶುರು, ಕೆಲವು ಸಲ ಬೇಸಿಗೆವರೆಗೂ ಎಳೆಯುತ್ತದೆ. ಅಷ್ಟು ದಿನವೂ ವೈನ್ ಗಸಿಯ ಮೇಲೇ ಇರುತ್ತದೆ. ಗಸಿ ಆಮ್ಲಜನಕವನ್ನು ಹೀರಿಕೊಂಡು ವೈನನ್ನು ಕಾಯುತ್ತದೆ. ತನ್ನೊಳಗಿನ ಸತ್ವವನ್ನು ನಿಧಾನವಾಗಿ ಬಿಟ್ಟುಕೊಟ್ಟು ಮೈ ತುಂಬಿಸುತ್ತದೆ. ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಹುಟ್ಟಿದ ಡೈಅಸಿಟೈಲ್ ಅನ್ನು ಯೀಸ್ಟ್ ಗಸಿಯೇ ಕರಗಿಸಿ ಕಡಿಮೆ ಮಾಡುತ್ತದೆ. ಅಂದರೆ ಗಸಿಯ ಮೇಲೆ ಹೆಚ್ಚು ಕಾಲ ಇದ್ದ ವೈನ್‌ನಲ್ಲಿ ಬೆಣ್ಣೆ ವಾಸನೆ ಮೂಗಿಗೆ ಹೊಡೆಯುವುದಿಲ್ಲ. ತುಂಬುತನ ಮಾತ್ರ ಉಳಿಯುತ್ತದೆ. ಹೇಝಲ್‌ನಟ್, ಸುಟ್ಟ ಬ್ರೆಡ್ಡಿನ ನೆನಪು ಪೀಪಾಯಿ, ಗಸಿ ಮತ್ತು ವಯಸ್ಸು ಸೇರಿ ಆಗುವಂಥದ್ದು.

ಪುಲಿನ್ಯಿಯಲ್ಲಿ ಬೇಸಿಗೆ ಬಂದರೆ ನೆಲದ ಮೇಲಿನ ಕೋಣೆ ಬಿಸಿಯಾಗುತ್ತದೆ. ಪೀಪಾಯಿಯಲ್ಲಿ ಎರಡನೇ ಚಳಿಗಾಲ ಕಳೆಸುವುದು ಹಿಂದೆ ಕಷ್ಟವಿತ್ತು. ಬೇಗ ತೆಗೆದು ಸೀಸೆಗೆ ತುಂಬಬೇಕಿತ್ತು. ಮೆರ್ಸೋನಲ್ಲಿ ಎರಡನೇ ಚಳಿಗಾಲ ಸಲೀಸು. ಕೆಳಗೆ ಸದಾ ತಂಪು. ಎರಡು ಊರುಗಳ ಸ್ವಭಾವದ ವ್ಯತ್ಯಾಸದಲ್ಲಿ ಈ ಕಾರಣಕ್ಕೆ ದೊಡ್ಡ ಪಾಲಿದೆ ಎಂದು ಬರ್ಗಂಡಿ ಬಲ್ಲವರು ಹೇಳುತ್ತಾರೆ. ನನಗಂತೂ ಇದು ಒಪ್ಪುವ ಮಾತು.

ಈಗ ಯೋಚಿಸಿ. ಮಾಳಿಗೆ ಮನುಷ್ಯ ಕಟ್ಟಿದ್ದು. ಆದರೆ ಅಷ್ಟು ಆಳಕ್ಕೆ ಕಟ್ಟಲು ಬಿಟ್ಟದ್ದು ಕೆಳಗಿನ ಕಲ್ಲು ಮತ್ತು ನೀರಿನ ಮಟ್ಟ. ತೋಟದ ಮಣ್ಣನ್ನು ಟೆರ್ವಾರ್ ಅಂದು, ಮಾಳಿಗೆಯನ್ನು ಬರೀ ಕೈಕೆಲಸ ಅಂದರೆ ತಪ್ಪಾಗುತ್ತದೆ ಅಲ್ವಾ? ತೋಟದ ಫೋಟೋ ಎಲ್ಲರೂ ತೆಗೆಯುತ್ತಾರೆ. ಮೆರ್ಸೋನ ಅರ್ಧ ಟೆರ್ವಾರ್ ಇರುವುದು ಮೆಟ್ಟಿಲಿಳಿದ ಮೇಲೆ.

ಬೆಣ್ಣೆ ಅತಿಯಾದ ಕಾಲ

ಹೆಸರು ಬಂದ ಮೇಲೆ ಜನ ಆ ಹೆಸರನ್ನೇ ಕೇಳುತ್ತಾರೆ. 1980 ಮತ್ತು 90ರ ದಶಕದಲ್ಲಿ ಕೊಳ್ಳುವವರಿಗೆ ದಪ್ಪನೆಯ, ಓಕ್ ಘಮದ ಶಾರ್ಡನೆ ಬೇಕಿತ್ತು. ಅಮೆರಿಕದ ಮಾರುಕಟ್ಟೆಯಲ್ಲಂತೂ ಇನ್ನೂ ಜಾಸ್ತಿ. ಮೆರ್ಸೋನ ಹಲವರು ಅದನ್ನೇ ಕೊಟ್ಟರು. ಹೊಸ ಪೀಪಾಯಿ ಹೆಚ್ಚಿತು. ಕೋಲು ಹಾಕಿ ಗಸಿ ಕಲಕುವುದು ವಾಡಿಕೆಯಾಯಿತು. ಮೊದಲು ಅದು ಅಗತ್ಯ ಬಿದ್ದಾಗ ಮಾಡುವ ಕೆಲಸ. ಆಮೇಲೆ ಮೈ ತುಂಬಿಸುವ ಶಾರ್ಟ್‌ಕಟ್. ಮಾಳಿಗೆ ಎರಡು ಚಳಿಗಾಲದಲ್ಲಿ ಮಾಡುತ್ತಿದ್ದುದನ್ನು ಕೋಲು ಕೆಲವು ತಿಂಗಳಲ್ಲಿ ಮಾಡಿದಂತೆ ಕಾಣುತ್ತಿತ್ತು. ಆದರೆ ಪ್ರತಿ ಸಲ ಕಲಕಿದಾಗಲೂ ಒಂದಿಷ್ಟು ಗಾಳಿ ಒಳಗೆ ಹೋಗುತ್ತದೆ.

ಪೆಟ್ಟು ಬಿದ್ದದ್ದು ಸೀಸೆಗಳಲ್ಲಿ. 1995, 1996ರ ವೈನ್‌ಗಳು ಹತ್ತು ಹದಿನೈದು ವರ್ಷ ಬಾಳಬೇಕಿತ್ತು. 2000ದ ಆಚೆ ತೆಗೆದು ನೋಡಿದವರಿಗೆ ಎಷ್ಟೋ ಸೀಸೆಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಕತ್ತರಿಸಿಟ್ಟ ಸೇಬು ಕಪ್ಪಾದ ವಾಸನೆ, ಜೇನಿನ ವಾಸನೆ. ಒಂದೇ ಪೆಟ್ಟಿಗೆಯಲ್ಲಿ ಒಂದು ಸೀಸೆ ಚೆನ್ನಾಗಿರುತ್ತಿತ್ತು, ಪಕ್ಕದ್ದು ಕೆಟ್ಟಿರುತ್ತಿತ್ತು. ಮೆರ್ಸೋ ಒಂದೇ ಅಲ್ಲ, ಬರ್ಗಂಡಿಯ ಬಿಳಿ ವೈನ್ ಊರುಗಳೆಲ್ಲ ಇದನ್ನು ಅನುಭವಿಸಿದವು. ದುಬಾರಿ ದುಡ್ಡು ಕೊಟ್ಟು ವರ್ಷಗಟ್ಟಲೆ ಕಾದವರಿಗೆ ಎಷ್ಟು ಬೇಜಾರಾಗಿರಬೇಕು.

ಕಾರಣ ಒಂದೇ ಅಲ್ಲ. ಬಿರಡೆಗಳ ಗುಣ ಒಂದೊಂದರದು ಒಂದೊಂದು ತರಹ ಇತ್ತು. ಕಾಪಾಡಲು ಹಾಕುವ ಗಂಧಕವನ್ನು ಹಲವರು ಕಡಿಮೆ ಮಾಡಿದ್ದರು. ಹೊಸ ಗಾಳಿಚೀಲದ ಪ್ರೆಸ್‌ಗಳು ಬಹಳ ಮೃದುವಾಗಿ ಹಿಂಡುತ್ತಿದ್ದವು. ರಸ ತಿಳಿಯಾಗಿ ಬರುತ್ತಿತ್ತು, ಆದರೆ ಆಮ್ಲಜನಕವನ್ನು ಎದುರಿಸುವ ಶಕ್ತಿ ಅದರಲ್ಲಿ ಕಡಿಮೆ. ಇದರ ಮೇಲೆ ಅತಿಯಾದ ಕಲಕಾಟ, ಹೊಸ ಓಕ್. ಎಲ್ಲ ಸೇರಿತು.

ಇದಕ್ಕೆ ಉತ್ತರ ಊರೊಳಗೇ ಇತ್ತು. ಕೋಶ್-ದ್ಯೂರಿ ಮನೆತನದ ವೈನ್‌ಗಳು ಮೊದಲಿಂದಲೂ ಬಿಗಿ, ಬೆಂಕಿಕಡ್ಡಿ ವಾಸನೆ, ಗಸಿಯ ಜೊತೆ ದೀರ್ಘ ವಾಸ. ರೂಲೋ ಮನೆಯ ಕಥೆ ಇನ್ನೂ ಸ್ವಾರಸ್ಯ. ಗೀ ರೂಲೋ ಊರಿನ ಮಟ್ಟದ ಸಣ್ಣ ಕ್ಲಿಮಾಗಳ ರಸವನ್ನೂ ಒಟ್ಟಿಗೆ ಬೆರೆಸದೆ ಬೇರೆಬೇರೆ ಸೀಸೆಗೆ ತುಂಬುತ್ತಿದ್ದರು. 1982ರಲ್ಲಿ ಅವರು ತೀರಿಕೊಂಡಾಗ ಮಗ ಜಾಂ-ಮಾರ್ಕ್ ಪ್ಯಾರಿಸ್‌ನಲ್ಲಿ ನಟ. ಕೆಲವು ವರ್ಷ ಹೊರಗಿನವರೇ ಮಾಳಿಗೆ ನೋಡಿಕೊಂಡರು. ಅವರಲ್ಲಿ ಟೆಡ್ ಲೆಮನ್ ಎಂಬ ಅಮೆರಿಕನ್ ಒಬ್ಬರು. 1989ರಲ್ಲಿ ಜಾಂ-ಮಾರ್ಕ್ ಮನೆಗೆ ಬಂದು ಕೆಲಸ ಹಿಡಿದರು. ಅವರ ಕೈಯಲ್ಲಿ ವೈನ್ ಇನ್ನೂ ತೆಳ್ಳಗೆ, ಚೂಪಾಗಿ ಬೆಳೆಯಿತು. ಸುಮಾರು ಒಂದು ವರ್ಷ ಪೀಪಾಯಿ, ಆಮೇಲೆ ಗಸಿಯ ಸಮೇತ ಟ್ಯಾಂಕ್‌ನಲ್ಲಿ ಎರಡನೇ ಚಳಿಗಾಲ. ಇವತ್ತು ಬೇರೆ ದೇಶಗಳ ಶಾರ್ಡನೆ ಮಾಡುವವರೂ ಇದನ್ನೇ ಅನುಸರಿಸುತ್ತಿದ್ದಾರೆ.

ಲಫೋನ್ ಮನೆಯಲ್ಲಿ ಬದಲಾವಣೆ ತೋಟದಿಂದ ಶುರುವಾಯಿತು. ಅವರ ಬಳ್ಳಿಗಳು ಬಹುಕಾಲ ಕೋರಿಗೆ ಕೊಟ್ಟಿದ್ದವು. ಬೆಳೆ ಬೆಳೆದವರಿಗೊಂದು ಪಾಲು, ಒಡೆಯರಿಗೊಂದು ಪಾಲು. ಕೋರಿಗೆ ಮಾಡುತ್ತಿದ್ದವರಲ್ಲಿ ಪಿಯೇರ್ ಮೋರೆ ಹೆಸರುವಾಸಿ. 1980ರ ದಶಕದ ಕೊನೆಯಿಂದ ಕರಾರುಗಳು ಮುಗಿದಂತೆಲ್ಲ ದೊಮಿನಿಕ್ ಲಫೋನ್ ಒಂದೊಂದೇ ತುಂಡನ್ನು ವಾಪಸ್ ತೆಗೆದುಕೊಂಡರು. ರಾಸಾಯನಿಕ ಬಿಟ್ಟರು, 1998ರ ಹೊತ್ತಿಗೆ ಪೂರ್ತಿ ಬಯೋಡೈನಾಮಿಕ್ ಎಂಬ ಸಾವಯವ ಬಗೆಯ ಕೃಷಿಗೆ ಬಂದರು. ಗಸಿ ಕಲಕುವುದನ್ನೂ ಕ್ರಮೇಣ ಇಳಿಸಿದರು. ಹಲವರು ಮಾಮೂಲಿ ಕಾರ್ಕ್ ಬಿಟ್ಟು ಡಿಯಾಮ್ ಎಂಬ, ಪುಡಿ ಮಾಡಿ ಶುದ್ಧಗೊಳಿಸಿ ಒತ್ತಿದ ಬಿರಡೆಗೆ ಬದಲಾದರು.

ಹೀಗೆ ಬೆಣ್ಣೆಯ ಊರು ಅನಿಸಿಕೊಂಡದ್ದು ಒಂದೇ ತಲೆಮಾರಿನಲ್ಲಿ ಬಹಳ ತೆಳ್ಳಗಾಯಿತು. ಹಳೆಯ ರುಚಿ ಇಷ್ಟಪಟ್ಟವರು ಈಗಿನದು ಮೆರ್ಸೋ ತರ ಇಲ್ಲ ಅನ್ನುವುದುಂಟು. ನಾನು ಒಪ್ಪುವುದಿಲ್ಲ. ಕೋಲು ಮತ್ತು ಹೊಸ ಓಕ್ ಕೊಟ್ಟ ದಪ್ಪ ಹೋಗಿದೆ. ತಣ್ಣನೆಯ ಮಾಳಿಗೆ ನಿಧಾನವಾಗಿ ಕೊಡುವ ತುಂಬುತನ ಈಗಲೂ ಇದೆ. ಎಳೆಯದರಲ್ಲಿ ಸುಲಭಕ್ಕೆ ಕಾಣುವುದಿಲ್ಲ, ಅಷ್ಟೇ.

ಗ್ರಾಂ ಕ್ರು ಯಾಕಿಲ್ಲ?

1855ರಲ್ಲಿ ಜ್ಯೂಲ್ ಲಾವಾಲ್ ಎಂಬ ವಿದ್ವಾಂಸ ಕೋತ್ ದೋರ್ ತೋಟಗಳನ್ನು ತೂಗಿ ದರ್ಜೆ ಹಾಕಿದಾಗ ಮೆರ್ಸೋನ ತೋಟಗಳಲ್ಲಿ ಪೆರಿಯೇರ್‌ಗೆ ಮೊದಲ ಸ್ಥಾನ ಕೊಟ್ಟಿದ್ದ. ಆಮೇಲೆ ಕಷ್ಟದ ಕಾಲ ಬಂತು. ಬೇರು ತಿನ್ನುವ ಫಿಲಾಕ್ಸೆರಾ ಕೀಟ 1878ರಲ್ಲಿ ಮೆರ್ಸೋನಲ್ಲಿ ಕಾಣಿಸಿಕೊಂಡಿತು. ತೋಟಗಳನ್ನೆಲ್ಲ ಕಿತ್ತು ಅಮೆರಿಕದ ಬೇರುಗಳಿಗೆ ಕಸಿ ಮಾಡಿ ಮತ್ತೆ ನೆಡಬೇಕಾಯಿತು. 1930ರ ದಶಕದಲ್ಲಿ ಸರ್ಕಾರ ಹೆಸರು ಮತ್ತು ಗಡಿಗಳನ್ನು ಕಾನೂನು ಮಾಡಿತು. 1937ರಲ್ಲಿ ಮೆರ್ಸೋಗೂ, ಪುಲಿನ್ಯಿ ಮತ್ತು ಶಾಸಾಞ್ ಹಂಚಿಕೊಂಡಿರುವ ಮೋಂರಾಶೆ ತೋಟಕ್ಕೂ ಮಾನ್ಯತೆ ಬಂತು. ಮೋಂರಾಶೆ ಗ್ರಾಂ ಕ್ರು ಆಯಿತು, ಪೆರಿಯೇರ್ ಆಗಲಿಲ್ಲ. ದರ್ಜೆ ಏರಿದರೆ ಕಂದಾಯವೂ ಏರುತ್ತದೆ, ಅದಕ್ಕೇ ಒಡೆಯರು ಅರ್ಜಿ ಹಾಕಲಿಲ್ಲ ಎಂಬ ಮಾತು ಊರಲ್ಲಿ ಚಾಲ್ತಿಯಲ್ಲಿದೆ. ವೈನ್ ಮಾರಾಟವೇ ಕಷ್ಟವಾಗಿದ್ದ ಆ ದಿನಗಳಲ್ಲಿ ಇದು ನಂಬುವಂಥ ಮಾತೇ. ಪ್ರೀಮಿಯೆ ಕ್ರು ಎಂಬ ದರ್ಜೆ ಬಂದದ್ದು ಇನ್ನೂ ಆಮೇಲೆ, ಯುದ್ಧದ ನಡುವೆ, 1943ರಲ್ಲಿ.

ಪೆರಿಯೇರ್‌ನ ಕೆಳಭಾಗ ಮತ್ತು ಗೋಡೆಯೊಳಗಿನ ಆ ತುಂಡು ಗ್ರಾಂ ಕ್ರು ಯೋಗ್ಯ ಅಂತ ನನ್ನ ನಂಬಿಕೆ. ಬೆಲೆಯಲ್ಲಿ ಮಾರುಕಟ್ಟೆ ಆ ದರ್ಜೆಯನ್ನು ಆಗಲೇ ಕೊಟ್ಟಿದೆ. ಆದರೆ ದರ್ಜೆ ಸಿಗದೇ ಇದ್ದದ್ದರಿಂದ ಊರಿಗೆ ಒಂದು ಲಾಭವೂ ಆಗಿದೆ. ಎಲ್ಲರ ಕಣ್ಣು ಒಂದೇ ತುಂಡಿನ ಮೇಲೆ ನೆಡಲಿಲ್ಲ. ನಾರ್ವೋ, ತೆಸೋನ್, ತಿಲೆ, ಲ್ಯೂಶೆ ಮುಂತಾದ ಸಾಮಾನ್ಯ ದರ್ಜೆಯ ತೋಟಗಳ ಹೆಸರನ್ನೂ ಸೀಸೆಯ ಮೇಲೆ ಹಾಕುವ ರೂಢಿ ಇಲ್ಲಿ ಬೆಳೆದಷ್ಟು ಬೇರೆ ಊರುಗಳಲ್ಲಿ ಬೆಳೆದಿಲ್ಲ.

ಊರಿನ ಗುಣ ಗೊತ್ತಾಗುವ ಇನ್ನೊಂದು ಜಾಗ ಪೋಲೆ ಊಟ. ಕೊಯ್ಲು ಮುಗಿದ ಮೇಲೆ ಆಳು ಒಡೆಯರೆಲ್ಲ ಸೇರಿ ಉಣ್ಣುತ್ತಿದ್ದ ಹಳೆಯ ಪದ್ಧತಿಯನ್ನು 1923ರಲ್ಲಿ ಜ್ಯೂಲ್ ಲಫೋನ್ ಮತ್ತೆ ಶುರು ಮಾಡಿದರು. ಪ್ರತಿ ನವೆಂಬರ್‌ನಲ್ಲಿ ಬೋನ್ ಆಸ್ಪತ್ರೆಯ ಹೆಸರಾಂತ ವೈನ್ ಹರಾಜು ಭಾನುವಾರ ನಡೆದರೆ, ಮಾರನೆಯ ದಿನ ಸೋಮವಾರ ಇದು. ಬರುವವರು ತಮ್ಮ ಸೀಸೆ ತಾವೇ ತರುತ್ತಾರೆ, ಪಕ್ಕದವರಿಗೆಲ್ಲ ಹಂಚುತ್ತಾರೆ. 1932ರಲ್ಲಿ ಇದಕ್ಕೊಂದು ಸಾಹಿತ್ಯ ಬಹುಮಾನವೂ ಸೇರಿತು. ಗೆದ್ದ ಲೇಖಕರಿಗೆ ನೂರು ಸೀಸೆ ಮೆರ್ಸೋ.

ಬಿಸಿಲು, ಮಂಜು

ಬೋನ್‌ನಲ್ಲಿ ಕೊಯ್ಲು ಶುರುವಾದ ದಿನಗಳ ದಾಖಲೆ 1354ರಿಂದಲೂ ಸಿಗುತ್ತದೆ. ಇತಿಹಾಸಕಾರರು ಅದನ್ನು ಜೋಡಿಸಿ 2019ರಲ್ಲಿ ಪ್ರಕಟಿಸಿದರು. 1988ರಿಂದ ಈಚೆಗೆ ಕೊಯ್ಲು ಸರಾಸರಿ 13 ದಿನ ಬೇಗ ಬಂದಿದೆ. ಆರು ಶತಮಾನಕ್ಕೂ ಹೆಚ್ಚಿನ ಸರಣಿಯಲ್ಲಿ ಇಷ್ಟು ದೊಡ್ಡ ತಿರುವು ಇನ್ನೊಂದಿಲ್ಲ. 2003, 2020, 2022ರಲ್ಲಿ ಆಗಸ್ಟ್‌ನಲ್ಲೇ ಕೊಯ್ಲು ಶುರುವಾಯಿತು.

ಶಾರ್ಡನೆಗೆ ಇದು ಎರಡು ಕಡೆಯಿಂದ ಹೊಡೆತ. ಬೇಗ ಹಣ್ಣಾದರೆ ಹುಳಿ ಇಳಿದು ಮದ್ಯಾಂಶ ಏರುತ್ತದೆ. ಚಳಿಗಾಲ ಬೇಗ ಮುಗಿದರೆ ಬಳ್ಳಿ ಬೇಗ ಚಿಗುರುತ್ತದೆ. ಆಗ ಏಪ್ರಿಲ್‌ನ ಒಂದು ರಾತ್ರಿ ಮಂಜು ಹೆಪ್ಪುಗಟ್ಟಿದರೆ ಚಿಗುರೆಲ್ಲ ಸುಟ್ಟುಹೋಗುತ್ತದೆ. 2016ರ ಏಪ್ರಿಲ್ ಕೊನೆಯಲ್ಲಿ ಹಾಗಾಯಿತು. 2021ರ ಏಪ್ರಿಲ್ ಮೊದಲ ವಾರ ಮತ್ತೆ ಆಯಿತು. ಪಿನೋಗಿಂತ ಶಾರ್ಡನೆ ಮೊದಲೇ ಚಿಗುರುವುದರಿಂದ ಆ ವರ್ಷ ಬಿಳಿ ಊರುಗಳಿಗೇ ನಷ್ಟ ಜಾಸ್ತಿ. ಸಾಲುಗಳ ನಡುವೆ ದೊಡ್ಡ ಮೇಣದ ಡಬ್ಬಿಗಳನ್ನು ಹಚ್ಚುತ್ತಾರೆ. 2017ರಲ್ಲಿ ಅಕ್ಕಪಕ್ಕದ ಊರುಗಳವರೆಲ್ಲ ಸೇರಿ ಒದ್ದೆ ಹುಲ್ಲಿನ ಹೊರೆ ಸುಟ್ಟು ಇಡೀ ಇಳಿಜಾರಿಗೆ ಹೊಗೆ ಹಾಕಿದರು. ಹೆಪ್ಪುಗಟ್ಟಿದ ಚಿಗುರಿನ ಮೇಲೆ ಬೆಳಗಿನ ಬಿಸಿಲು ನೇರ ಬಿದ್ದರೆ ಅದು ಸಾಯುತ್ತದೆ. ಹೊಗೆ ಆ ಬಿಸಿಲನ್ನು ತಡೆಯುತ್ತದೆ. ಬೆಳೆ ಉಳಿಯಿತು.

ಬಿಸಿ ಹೆಚ್ಚಿದಂತೆ ಊರಿನ ನಕ್ಷೆಯೂ ಮೇಲಕ್ಕೆ ಸರಿಯುತ್ತಿದೆ. ಹಿಂದೆ ಹಣ್ಣಾಗದೆ ಕಷ್ಟ ಕೊಡುತ್ತಿದ್ದ ನಾರ್ವೋ, ತಿಲೆ ತೋಟಗಳ ವೈನ್‌ಗೆ ಈಗ ಬೇಡಿಕೆ ಹೆಚ್ಚು. ಹುಳಿ ಉಳಿಯುವುದೇ ಅಲ್ಲಿ. ಕೆಳಗಿನ ಆಳ ಮಣ್ಣಿನ ತುಂಡುಗಳಲ್ಲಿ ದಿನ ನೋಡಿ ಬೇಗ ಕೊಯ್ಯಬೇಕು. ಮಾಳಿಗೆಯಲ್ಲಿ ಗಸಿ ಕಲಕುವುದು ಹೆಚ್ಚುಕಡಿಮೆ ನಿಂತಿದೆ. ಬಿಸಿಲೇ ಮೈ ತುಂಬಿಸುವಾಗ ಇನ್ನಷ್ಟು ದಪ್ಪ ಯಾರಿಗೆ ಬೇಕು?

ಇದನ್ನೆಲ್ಲ ನಾಲಿಗೆಯಲ್ಲೇ ಪರೀಕ್ಷಿಸಬೇಕು ಅನಿಸಿದವರಿಗೆ ಒಂದು ದಾರಿ ಹೇಳುತ್ತೇನೆ. ಯುರೋಪಿನಲ್ಲಿರುವ ಕನ್ನಡಿಗರಿಗೆ ಸುಲಭ, ಇಲ್ಲಿರುವವರಿಗೆ ಆಮದು ಸುಂಕದ ಕಾರಣ ಕಷ್ಟ. ನಾಲ್ಕೈದು ಸ್ನೇಹಿತರು ದುಡ್ಡು ಸೇರಿಸಿಕೊಳ್ಳಿ. ಒಬ್ಬರೇ ಬೆಳೆಗಾರರ, ಒಂದೇ ವರ್ಷದ ಮೂರು ಮೆರ್ಸೋ ತನ್ನಿ: ಮೇಲಿನ ನಾರ್ವೋ ಅಥವಾ ತಿಲೆ ಒಂದು, ಶಾರ್ಮ್ ಒಂದು, ಪೆರಿಯೇರ್ ಒಂದು. ಪಕ್ಕಕ್ಕೆ ಅದೇ ವರ್ಷದ ಊರಿನ ಮಟ್ಟದ ಒಂದು ಪುಲಿನ್ಯಿ ಇಡಿ. ತೀರಾ ತಣ್ಣಗೆ ಬೇಡ, 12ರಿಂದ 14 ಡಿಗ್ರಿ ಸಾಕು. ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿದರೆ ಹುಳಿ ಬಿಟ್ಟು ಬೇರೇನೂ ಸಿಗುವುದಿಲ್ಲ. ವಯಸ್ಸು ಐದಾರು ವರ್ಷ ಆಗಿರಲಿ. ಬಗ್ಗಿಸಿದ ಕೂಡಲೇ ಬಣ್ಣ ನೋಡಿ. ನಸು ಹಳದಿ ಇದ್ದರೆ ಸರಿ, ಈಗಲೇ ಕಂದು ಕಡೆ ತಿರುಗಿದ್ದರೆ ಆ ಸೀಸೆ ಗಾಳಿಗೆ ಸೋತಿದೆ, ಅದರಿಂದ ಊರನ್ನು ಅಳೆಯಬೇಡಿ. ಮೂರು ಮೆರ್ಸೋಗಳ ನಡುವಿನ ವ್ಯತ್ಯಾಸ ತೋಟದ್ದು. ಮೂರರಲ್ಲೂ ಇದ್ದು ಪುಲಿನ್ಯಿಯಲ್ಲಿ ಕಡಿಮೆ ಇರುವ ಆ ತುಂಬುತನ ಬಹುಪಾಲು ಮಾಳಿಗೆಯದು.